ಒಬ್ಬರ ಬಾಯಿ, ಎಲ್ಲರ ವಂತಿಗೆ

1968ರ ಫೆಬ್ರವರಿ 1. ಅಮೆರಿಕದ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಜೋರು ಮಳೆ. ಕಸದ ಲಾರಿಯ ಮೇಲಿದ್ದ ಇಬ್ಬರು ಕಪ್ಪುವರ್ಣೀಯ ಪೌರಕಾರ್ಮಿಕರು ನೆನೆಯಬಾರದೆಂದು ಲಾರಿಯ ಹಿಂಬದಿಯಲ್ಲಿ ಕಸವನ್ನು ಒತ್ತಿ ಅದುಮುವ ಪೆಟ್ಟಿಗೆಯೊಳಗೆ ನುಸುಳಿದರು. ಯಂತ್ರ ಕೆಟ್ಟು ತಾನಾಗಿಯೇ ಚಾಲೂ ಆಯಿತು. ಇಬ್ಬರೂ ಅದರೊಳಗೇ ಸತ್ತರು. ಹನ್ನೊಂದು ದಿನ ಕಳೆದ ಮೇಲೆ ಆ ನಗರದ ಸುಮಾರು 1,300 ಪೌರಕಾರ್ಮಿಕರು ಕೆಲಸಕ್ಕೆ ಹೋಗಲಿಲ್ಲ. ಮುಂದಿನ ಕಥೆ ಬಹಳ ಜನಕ್ಕೆ ಗೊತ್ತಿದೆ. ‘ನಾನೊಬ್ಬ ಮನುಷ್ಯ’ ಎಂದು ಬರೆದ ಫಲಕಗಳನ್ನು ಹೊತ್ತು ಅವರು ಬೀದಿಗಿಳಿದರು, ಬೆಂಬಲಕ್ಕೆಂದು ಮಾರ್ಟಿನ್ ಲೂಥರ್ ಕಿಂಗ್ ಬಂದರು, ಏಪ್ರಿಲ್ 4ರ ಸಂಜೆ ಅದೇ ಊರಿನ ಮೋಟೆಲೊಂದರ ಮೊಗಸಾಲೆಯಲ್ಲಿ ಗುಂಡೇಟಿಗೆ ಬಲಿಯಾದರು.

ಅಷ್ಟಾಗಿ ಯಾರಿಗೂ ನೆನಪಿಲ್ಲದ ಸಂಗತಿ ಒಂದಿದೆ. ಆ ಮುಷ್ಕರ ಹಟಕ್ಕೆ ಬಿದ್ದು ಎರಡು ತಿಂಗಳು ಎಳೆದದ್ದಕ್ಕೆ ಸಂಬಳವೊಂದೇ ಕಾರಣವಲ್ಲ. ಯೂನಿಯನ್ನಿಗೆ ಮಾನ್ಯತೆ ಕೊಡಿ, ಅದರ ವಂತಿಗೆಯನ್ನು ನಮ್ಮ ಸಂಬಳದಲ್ಲೇ ಮುರಿದು ಯೂನಿಯನ್ನಿಗೆ ಕಟ್ಟಿ ಎಂದು ಕಾರ್ಮಿಕರು ಕೇಳಿದ್ದರು. ಮೇಯರ್ ಹೆನ್ರಿ ಲೋಬ್ ಅದೊಂದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಹಟ ಎನಿಸಬಹುದು. ಕೈಯಿಂದ ಕೈಗೆ ವಂತಿಗೆ ಎತ್ತುವ ಕಡೆ ಯಾರು ಕೊಟ್ಟರು ಎಂಬುದು ಮೇಸ್ತ್ರಿಯ ಕಣ್ಣಿಗೆ ಬೀಳುತ್ತದೆ. ಸಂಬಳ ಸಾಲದ ತಿಂಗಳು ಮೊದಲು ನಿಲ್ಲುವುದೇ ಈ ವಂತಿಗೆ. ಮೂರು ತಿಂಗಳು ದುಡ್ಡು ಬರದಿದ್ದರೆ ಯೂನಿಯನ್ ಕಚೇರಿಗೆ ಬೀಗ. ಇದು ಮೇಯರಿಗೂ ಗೊತ್ತಿತ್ತು, ಪೌರಕಾರ್ಮಿಕರಿಗೂ ಗೊತ್ತಿತ್ತು. ಕೊನೆಗೆ ಏಪ್ರಿಲ್ 16ರಂದು ಆದ ಒಪ್ಪಂದದಲ್ಲಿ ನೌಕರರ ಸಹಕಾರ ಸಾಲ ಸಂಘದ ಮೂಲಕ ವಂತಿಗೆ ಮುರಿದುಕೊಳ್ಳುವ ಬಳಸುದಾರಿ ಕಂಡುಕೊಂಡು ಎರಡೂ ಕಡೆಯವರು ಮಾನ ಉಳಿಸಿಕೊಂಡರು.

ಸರಿಯಾಗಿ ಐವತ್ತು ವರ್ಷಕ್ಕೆ, 2018ರ ಫೆಬ್ರವರಿ 26ರಂದು, ಅದೇ ಯೂನಿಯನ್ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಪ್ರತಿವಾದಿಯಾಗಿ ನಿಂತಿತ್ತು. ರಾಜ್ಯ, ಕೌಂಟಿ ಮತ್ತು ನಗರಸಭೆ ನೌಕರರ ಆ ಮಹಾಒಕ್ಕೂಟವನ್ನು ಅಲ್ಲಿನವರು ಚುಟುಕಾಗಿ ಅಫ್‌ಸ್ಮೀ ಎನ್ನುತ್ತಾರೆ. ಅರ್ಜಿದಾರ ಮಾರ್ಕ್ ಜಾನಸ್, ಇಲಿನಾಯ್ ರಾಜ್ಯದ ಸರ್ಕಾರಿ ನೌಕರ. ತಂದೆತಾಯಿ ಬೇರೆಯಾದ ಮಕ್ಕಳಿಗೆ ಬರಬೇಕಾದ ಜೀವನಾಂಶವನ್ನು ಕೊಡಿಸುವ ವಿಭಾಗದಲ್ಲಿ ಆತನಿಗೆ ಕೆಲಸ. ಆತ ಯೂನಿಯನ್ನಿನ ಸದಸ್ಯನಲ್ಲ. ಆದರೂ ಪ್ರತಿ ತಿಂಗಳು ಆತನ ಸಂಬಳದಲ್ಲಿ 44.58 ಡಾಲರ್ ಮುರಿದು ಯೂನಿಯನ್ನಿಗೆ ಹೋಗುತ್ತಿತ್ತು. ವರ್ಷಕ್ಕೆ ಸುಮಾರು 535 ಡಾಲರ್. ಸಂಬಳದಲ್ಲಿ ವಂತಿಗೆ ಮುರಿಯಿರಿ ಎಂದು ಮೆಂಫಿಸಿನವರು ಬೀದಿಗಿಳಿದಿದ್ದರೆ, ಮುರಿಯಬೇಡಿ ಎಂದು ಜಾನಸ್ ಕೋರ್ಟು ಹತ್ತಿದ್ದ. ಇಬ್ಬರೂ ಹೇಳುತ್ತಿದ್ದುದು ಸ್ವಾತಂತ್ರ್ಯದ ಮಾತನ್ನೇ.

ಸದಸ್ಯನೇ ಅಲ್ಲದವನಿಂದ ದುಡ್ಡು ಕೀಳುವುದು ಯಾವ ನ್ಯಾಯ? ಮೊದಲ ಕೇಳ್ವಿಗೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಅದರ ಮರ್ಮ ತಿಳಿಯಬೇಕಾದರೆ ಅಮೆರಿಕದ ಕಾರ್ಮಿಕ ಕಾನೂನಿನ ಒಂದು ವಿಚಿತ್ರವನ್ನು ಅರಿಯಬೇಕು. ನಮ್ಮಲ್ಲಿ ಒಂದೇ ಕಾರ್ಖಾನೆಯಲ್ಲಿ ಮೂರು ಬಾವುಟ, ಮೂರು ಯೂನಿಯನ್ ಇರುವುದು ಮಾಮೂಲು. ಅಲ್ಲಿ ಹಾಗಿಲ್ಲ. 1935ರ ವ್ಯಾಗ್ನರ್ ಕಾಯಿದೆಯ ಪ್ರಕಾರ ಒಂದು ಘಟಕದ ನೌಕರರಲ್ಲಿ ಬಹುಮತ ಯಾವ ಯೂನಿಯನ್ನಿಗೆ ಬರುತ್ತದೋ ಆ ಒಂದೇ ಯೂನಿಯನ್ ಅಲ್ಲಿರುವ ಎಲ್ಲರ ಪರವಾಗಿ ಮಾತಾಡುತ್ತದೆ. ಸೋತ ಯೂನಿಯನ್ನಿಗೆ ಮಾತುಕತೆಯ ಮೇಜಿನಲ್ಲಿ ಕುರ್ಚಿಯಿಲ್ಲ. ಯಾರೂ ತನ್ನ ಸಂಬಳವನ್ನು ತಾನೇ ಚೌಕಾಸಿ ಮಾಡಿ ಬೇರೆ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಈ ಕಾಯಿದೆ ಖಾಸಗಿ ಕಂಪನಿಗಳಿಗೆ. ಇಲಿನಾಯ್‌ನಂಥ ರಾಜ್ಯಗಳು ಇದೇ ಅಚ್ಚನ್ನು ತಮ್ಮ ಸರ್ಕಾರಿ ನೌಕರರಿಗೂ ಬಳಸಿದವು. ಜಾನಸ್‌ನಂತೆ ಆ ರಾಜ್ಯದ ಸುಮಾರು 35,000 ನೌಕರರ ಪರವಾಗಿ ಮಾತಾಡುವ ಬಾಯಿ ಒಂದೇ, ಅಫ್‌ಸ್ಮೀಯದು.

ಈ ಅಧಿಕಾರಕ್ಕೆ ಒಂದು ಹೊರೆಯೂ ಅಂಟಿಕೊಂಡಿದೆ. ಅದು ಬಂದ ಬಗೆಯೇ ಒಂದು ಕಥೆ. ದಕ್ಷಿಣದ ರೈಲ್ವೆಗಳಲ್ಲಿ ಉಗಿಬಂಡಿಗೆ ಕಲ್ಲಿದ್ದಲು ಸುರಿಯುವ ಫೈರ್‌ಮನ್‌ಗಳ ಸಂಘವೊಂದಿತ್ತು. ಕಪ್ಪುವರ್ಣೀಯರಿಗೆ ಸದಸ್ಯತ್ವ ಕೊಡುತ್ತಿರಲಿಲ್ಲ. ಆದರೆ ಕಾನೂನಿನ ಪ್ರಕಾರ ಅವರ ಪರವಾಗಿಯೂ ಅದೇ ಮಾತಾಡಬೇಕು. ಮಾತಾಡಿತು ಕೂಡ. ರೈಲ್ವೆ ಕಂಪನಿಯೊಡನೆ ಕೂತು, ಕಪ್ಪುವರ್ಣೀಯರನ್ನು ಆ ಕೆಲಸದಿಂದ ಹೊರಗೆ ದಬ್ಬುವ ಒಪ್ಪಂದಕ್ಕೇ ಸಹಿ ಹಾಕಿತು! ಸ್ಟೀಲ್ ಎಂಬ ಫೈರ್‌ಮನ್ ಕೋರ್ಟಿಗೆ ಹೋದ. 1944ರಲ್ಲಿ ಸುಪ್ರೀಂ ಕೋರ್ಟು ಆತನ ಪರ ನಿಂತಿತು. ಎಲ್ಲರ ಪರವಾಗಿ ಮಾತಾಡುವ ಅಧಿಕಾರವನ್ನು ಕಾನೂನು ಕೊಟ್ಟಿದ್ದರೆ, ಸದಸ್ಯನಾಗಲಿ ಅಲ್ಲದವನಾಗಲಿ, ಎಲ್ಲರ ಹಿತವನ್ನೂ ಭೇದವಿಲ್ಲದೆ ಕಾಯಬೇಕು ಎಂದಿತು. ಮುಂದೆ ಇದೇ ನಿಯಮ ಎಲ್ಲ ಯೂನಿಯನ್‌ಗಳಿಗೂ ಅನ್ವಯವಾಯಿತು. ಮೇಲಧಿಕಾರಿಯ ಜೊತೆ ಜಗಳವಾಗಿ ನೋಟಿಸು ಪಡೆದವನು ಒಂದು ಡಾಲರ್ ವಂತಿಗೆ ಕೊಡದಿದ್ದರೂ ಯೂನಿಯನ್ ಅವನ ದೂರನ್ನೂ ಸದಸ್ಯನ ದೂರಿನಂತೆಯೇ ಭೇದವಿಲ್ಲದೆ ನೋಡಬೇಕು.

ಊರ ಹಬ್ಬಕ್ಕೆ ಮನೆವಂತಿಗೆ ಎತ್ತುವುದನ್ನು ಕಂಡವರಿಗೆ ಇಲ್ಲಿನ ತಾಪತ್ರಯ ತಕ್ಷಣ ತಿಳಿಯುತ್ತದೆ. ವಂತಿಗೆ ಕೊಡದವನ ಮನೆಯ ಮುಂದೆ ತೇರು ನಿಲ್ಲಿಸದೆ ಹೋಗುವ ದಾರಿ ಊರಿನವರಿಗೆ ಇರುತ್ತದೆ. ಕೊಡದವನ ಮನೆಯ ಮುಂದೆಯೂ ತೇರು ನಿಲ್ಲಲೇಬೇಕು, ಅವನ ಹಣ್ಣುಕಾಯಿಯನ್ನೂ ಮಾಡಿಸಿಕೊಡಬೇಕು ಎಂದು ಸರ್ಕಾರವೇ ಕಟ್ಟಳೆ ಮಾಡಿದರೆ ಏನಾದೀತು? ಮರುವರ್ಷ ಪುಸ್ತಕ ಹಿಡಿದು ಬಂದವನಿಗೆ ಎಷ್ಟು ಬಾಗಿಲು ತೆರೆದೀತು? ಜಿಪುಣರಷ್ಟೇ ಅಲ್ಲ, ‘ಅವನು ಕೊಡದೆ ನಾನೊಬ್ಬನೇ ಯಾಕೆ’ ಎನ್ನುವ ಸಾಧಾರಣ ಮನುಷ್ಯರೂ ಕೈ ಹಿಂದೆಗೆಯುತ್ತಾರೆ. ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿ ಪುಸ್ತಕ ಬರೆದು ವಿವರಿಸಿದ್ದು ಇದನ್ನೇ. ಗುಂಪು ದೊಡ್ಡದಾದಷ್ಟೂ, ಫಲ ಎಲ್ಲರಿಗೂ ಸಿಗುವಂಥದ್ದಾದಷ್ಟೂ ಬಿಟ್ಟಿ ಉಣ್ಣುವವರು ಹೆಚ್ಚು.

ಅಲ್ಲಿನ ಯೂನಿಯನ್‌ಗಳು ಇದಕ್ಕೆ ಕಂಡುಕೊಂಡ ಮದ್ದು ಕಾಲಕ್ಕೊಂದು. ಹಿಂದೆ ಸದಸ್ಯನಲ್ಲದವನನ್ನು ಕೆಲಸಕ್ಕೇ ತೆಗೆದುಕೊಳ್ಳಬಾರದು ಎಂಬ ‘ಕ್ಲೋಸ್ಡ್ ಶಾಪ್’ ಇತ್ತು. ಅಧ್ಯಕ್ಷ ಟ್ರೂಮನ್ ನಿರಾಕರಿಸಿದರೂ ಸಂಸತ್ತು ಪಟ್ಟು ಹಿಡಿದು 1947ರಲ್ಲಿ ಪಾಸು ಮಾಡಿದ ಟಾಫ್ಟ್-ಹಾರ್ಟ್ಲೀ ಕಾಯಿದೆ ಅದನ್ನು ನಿಷೇಧಿಸಿತು. ಉಳಿದದ್ದು ಸೌಮ್ಯವಾದ ಇನ್ನೊಂದು ದಾರಿ. ಸದಸ್ಯನಾಗಬೇಡ, ಮಾತುಕತೆಗೆ ಆಗುವ ಖರ್ಚಿನ ಪಾಲು ಮಾತ್ರ ಕೊಡು ಎನ್ನುವ ‘ಏಜೆನ್ಸಿ ಶುಲ್ಕ’. ಜಾನಸ್ ಕೊಡುತ್ತಿದ್ದುದು ಇದೇ. ಅದೇ 1947ರ ಕಾಯಿದೆ, ಬೇಕಿದ್ದರೆ ಈ ಶುಲ್ಕವನ್ನೂ ನಿಷೇಧಿಸುವ ಸ್ವಾತಂತ್ರ್ಯವನ್ನು ರಾಜ್ಯಗಳಿಗೆ ಕೊಟ್ಟಿತು. ಹಾಗೆ ನಿಷೇಧಿಸಿದ ಕಾನೂನಿಗೆ ಅಲ್ಲಿ ‘ಕೆಲಸದ ಹಕ್ಕು’ ಎಂದು ಹೆಸರು. ಹೆಸರು ಕೇಳಿ ಯಾರೂ ಮೋಸಹೋಗಬಾರದು. ಅದು ಯಾರಿಗೂ ಕೆಲಸ ಕೊಡಿಸುವ ಕಾನೂನಲ್ಲ.

ಆ ಚಳವಳಿಯ ಹುಟ್ಟೂ ಅಷ್ಟೇನೂ ಚೊಕ್ಕವಲ್ಲ. 1940ರ ದಶಕದಲ್ಲಿ ಅದನ್ನು ಊರೂರಿಗೆ ಹೊತ್ತವರಲ್ಲಿ ಪ್ರಮುಖ, ಟೆಕ್ಸಾಸಿನ ವ್ಯಾನ್ಸ್ ಮ್ಯೂಸ್. ಬಿಳಿಯರೂ ಕಪ್ಪುವರ್ಣೀಯರೂ ಒಂದೇ ಯೂನಿಯನ್ನಿನಲ್ಲಿ ಒಬ್ಬರನ್ನೊಬ್ಬರು ಸಂಗಾತಿ ಎಂದು ಕರೆಯಬೇಕಾಗುತ್ತದೆ ಎಂಬ ಭಯವನ್ನೇ ಬಂಡವಾಳ ಮಾಡಿಕೊಂಡ ಮನುಷ್ಯ ಆತ. 1961ರಲ್ಲಿ ಕಿಂಗ್ ಈ ಹೆಸರನ್ನೇ ಸುಳ್ಳು ಘೋಷಣೆ ಎಂದು ಕರೆದು ಎಚ್ಚರಿಸಿದ್ದರು. ಹಾಗೆಂದು ಇಂದು ಶುಲ್ಕ ಬೇಡವೆನ್ನುವ ಪ್ರತಿಯೊಬ್ಬನನ್ನೂ ಮ್ಯೂಸ್‌ನ ಸಂತಾನ ಎಂದುಬಿಡುವುದು ಸೋಮಾರಿ ವಾದ. ಜಾನಸ್‌ನ ತಕರಾರಿಗೆ ತನ್ನದೇ ತೂಕವಿದೆ.

ಏನದು ತಕರಾರು? 1977ರಲ್ಲಿ ಡೆಟ್ರಾಯಿಟ್‌ನ ಶಿಕ್ಷಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆದಿತ್ತು. ಅರ್ಜಿದಾರರಲ್ಲಿ ಒಬ್ಬರ ಹೆಸರಿನಿಂದ ಅದನ್ನು ಅಬೂಡ್ ತೀರ್ಪು ಎನ್ನುತ್ತಾರೆ. ಸಂಬಳ, ರಜೆ, ದೂರು ವಿಚಾರಣೆ, ಇವುಗಳ ಖರ್ಚನ್ನು ಸದಸ್ಯರಲ್ಲದವರಿಂದಲೂ ವಸೂಲಿ ಮಾಡಬಹುದು. ಚುನಾವಣೆ ಪ್ರಚಾರ, ರಾಜಕೀಯ ಕಾರ್ಯಗಳ ಖರ್ಚನ್ನು ಮಾಡುವಂತಿಲ್ಲ. ಕಾಗದದ ಮೇಲೆ ಚೊಕ್ಕವಾಗಿ ಕಂಡ ಗೆರೆ ಲೆಕ್ಕದ ಪುಸ್ತಕದಲ್ಲಿ ಕಲಸಿಹೋಯಿತು. ಯೂನಿಯನ್‌ಗಳು ವರ್ಷಕ್ಕೊಮ್ಮೆ ನೋಟಿಸು ಕಳುಹಿಸಿ ಯಾವ ಖರ್ಚು ಎತ್ತ ಎಂದು ಬಿಡಿಸಿ ತೋರಿಸಬೇಕಾಯಿತು. ಜಾನಸ್‌ಗೆ ಬಂದ ನೋಟಿಸಿನಲ್ಲಿ ಪೂರ್ತಿ ಸದಸ್ಯತ್ವ ಶುಲ್ಕದ 78.06 ಶೇಕಡ ಆತನ ಪಾಲು ಎಂದಿತ್ತು. ಆ ಪಾಯಿಂಟು ಸೊನ್ನೆ ಆರನ್ನು ಯಾರು ಹೇಗೆ ತೂಗಿದರು? ಸಾಮಾನ್ಯ ನೌಕರನಿಗೆ ಅದನ್ನು ಪರೀಕ್ಷಿಸಲು ಲೆಕ್ಕಪರಿಶೋಧಕನೂ ವಕೀಲನೂ ಬೇಕು.

ಈ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ದೂರವಾಣಿ ನೌಕರ ಹ್ಯಾರಿ ಬೆಕ್ ತನ್ನ ಯೂನಿಯನ್ನಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ವಸೂಲಾದ ದುಡ್ಡಿನಲ್ಲಿ ಶೇ 21ಕ್ಕಿಂತ ಹೆಚ್ಚು ಮಾತುಕತೆಯ ಕೆಲಸಕ್ಕೆ ಹೋಗಿದೆ ಎಂದು ಯೂನಿಯನ್ ಸಾಬೀತು ಮಾಡಲಾಗಲಿಲ್ಲ. 1988ರಲ್ಲಿ ಬೆಕ್ ಗೆದ್ದ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಗಾದೆ ನೆನಪಾಗುವುದು ಇಂಥ ಲೆಕ್ಕ ಕಂಡಾಗಲೇ.

ಜಾನಸ್‌ನ ವಕೀಲರು ಈ ಗೆರೆಯನ್ನೇ ಅಳಿಸಿ ಎಂದರು. ಸರ್ಕಾರಿ ನೌಕರರ ಸಂಬಳ, ಪಿಂಚಣಿ ಎಂದರೆ ತೆರಿಗೆದಾರರ ದುಡ್ಡು. ಅದು ಹೆಚ್ಚಬೇಕೋ ಬೇಡವೋ ಎಂಬ ಮಾತೇ ರಾಜಕೀಯ. ಇಲಿನಾಯ್ ಆಗ ಸಾಲದಲ್ಲಿ ಮುಳುಗಿತ್ತು, ಯೂನಿಯನ್ನಿನ ಬೇಡಿಕೆಗಳು ರಾಜ್ಯಕ್ಕೆ ಹಿತವಲ್ಲ ಎಂದು ಆತ ನಂಬಿದ್ದ. ಒಪ್ಪದ ಮಾತನ್ನು ಆಡಿಸಲು ತನ್ನ ಜೇಬಿನಿಂದ ದುಡ್ಡು ಕೀಳುವುದು ವಾಕ್ ಸ್ವಾತಂತ್ರ್ಯದ ಭಂಗವಲ್ಲವೇ?

ಈ ಮೊಕದ್ದಮೆ ಆತನದೇ ತಲೆಯಿಂದ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಮೊದಲು ಹೂಡಿದವರು ರಾಜ್ಯದ ರಿಪಬ್ಲಿಕನ್ ಗವರ್ನರ್ ಬ್ರೂಸ್ ರೌನರ್, 2015ರಲ್ಲಿ. ಶುಲ್ಕ ಕೊಡುವವರೇ ನೀವಲ್ಲ, ನಿಮಗೇನು ಕೆಲಸ ಎಂದು ಕೋರ್ಟು ಅವರನ್ನು ಹೊರಗಿಟ್ಟಾಗ ಜಾನಸ್ ಅವರ ಜಾಗದಲ್ಲಿ ನಿಂತ. ಆತನ ಬೆನ್ನಿಗೆ ಯೂನಿಯನ್ ವಿರೋಧಿ ಕಾನೂನು ಸಂಸ್ಥೆಗಳ ಹಣಬಲವಿತ್ತು. ಇದಕ್ಕೂ ಮುಂಚೆ ಕ್ಯಾಲಿಫೋರ್ನಿಯಾದ ಶಿಕ್ಷಕರ ಇಂಥದೇ ಮೊಕದ್ದಮೆ ನಡೆಯುತ್ತಿರುವಾಗ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡು, 2016ರಲ್ಲಿ ಕೋರ್ಟು ನಾಲ್ಕು-ನಾಲ್ಕು ಎಂದು ಒಡೆದು ಶುಲ್ಕ ಬಚಾವಾಗಿತ್ತು. ಈ ಸಲ ಖಾಲಿ ಕುರ್ಚಿಯಲ್ಲಿ ಗೋರ್ಸಚ್ ಕೂತಿದ್ದರು.

2018ರ ಜೂನ್ 27ರಂದು ಐದು-ನಾಲ್ಕರ ಬಹುಮತದ ತೀರ್ಪು ಬಂತು. ಸರ್ಕಾರಿ ನೌಕರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಯೂನಿಯನ್ನಿಗೆಂದು ಒಂದು ಕಾಸೂ ಮುರಿಯುವಂತಿಲ್ಲ. ಬಹುಮತದ ತೀರ್ಪು ಬರೆದ ಸ್ಯಾಮ್ಯುಯೆಲ್ ಅಲಿಟೋ, ಬಿಟ್ಟಿ ಸವಾರಿಯ ವಾದಕ್ಕೆ ಜಾನಸ್‌ನದೇ ಉತ್ತರವನ್ನು ಎತ್ತಿ ಹೇಳಿದರು. ಆತ ತಾನು ಹೋಗಬೇಕಾದ ಊರಿನ ಬಸ್ಸಿಗೆ ಟಿಕೆಟ್ ಇಲ್ಲದೆ ಹತ್ತಿದವನಲ್ಲ. ಬೇಡದ ಪಯಣಕ್ಕೆ ಬಲವಂತವಾಗಿ ಹೊತ್ತೊಯ್ಯಲ್ಪಟ್ಟವನು. ಊರ ಹಬ್ಬದ ಹೋಲಿಕೆಗೂ ಇದೇ ಉತ್ತರ. ತೇರೇ ಬೇಡ ಎನ್ನುವವನ ಮನೆ ಮುಂದೆ ತೇರು ನಿಲ್ಲಿಸಿ ಕಾಸು ಕೇಳಿದಂತೆ. ಭಿನ್ನಮತ ಬರೆದ ಎಲೆನಾ ಕೇಗನ್ ಅಷ್ಟೇ ಖಾರವಾಗಿದ್ದರು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳ ಕಾನೂನುಗಳು, ಸಾವಿರಾರು ಒಪ್ಪಂದಗಳು 41 ವರ್ಷದ ಹಳೆಯ ತೀರ್ಪಿನ ಮೇಲೆ ನಿಂತಿವೆ. ಆರ್ಥಿಕ ನೀತಿಯ ಜಗಳ ಗೆಲ್ಲಲು ವಾಕ್ ಸ್ವಾತಂತ್ರ್ಯವನ್ನು ಆಯುಧ ಮಾಡಿಕೊಳ್ಳುತ್ತಿದ್ದೀರಿ ಎಂಬುದು ಅವರ ಆರೋಪದ ಸಾರ.

ಅಲಿಟೋ ಅವರ ಉಪಮೆಯಲ್ಲಿ ಒಂದು ತೂತಿದೆ. ಬೇಡದ ಪಯಣಕ್ಕೆ ಆತನನ್ನು ಹತ್ತಿಸಿದ್ದು ಯಾರು? ಎಲ್ಲರಿಗೂ ಒಂದೇ ಬಾಯಿ ಎಂಬ ಕಾನೂನು. ತೀರ್ಪು ಆ ಕಾನೂನನ್ನು ಮುಟ್ಟಲಿಲ್ಲ. ಯೂನಿಯನ್ ಈಗಲೂ ಜಾನಸ್‌ನಂಥವರ ಪರವಾಗಿ ಮಾತಾಡಬೇಕು. ಟಿಕೆಟ್ ಮಾತ್ರ ಕೇಳುವಂತಿಲ್ಲ.

ವಿಚಾರಣೆಯ ದಿನ ಯೂನಿಯನ್ ವಕೀಲ ಡೇವಿಡ್ ಫ್ರೆಡರಿಕ್ ಮಂಡಿಸಿದ ಇನ್ನೊಂದು ವಾದಕ್ಕೆ ಕಾಲವೇ ಸಾಕ್ಷಿ ಹೇಳಲು ಬಂದಂತಿತ್ತು. ಶುಲ್ಕ ಎನ್ನುವುದು ಶಾಂತಿಯ ಬೆಲೆ, ಭದ್ರವಾದ ಯೂನಿಯನ್ ಮುಷ್ಕರ ಮಾಡುವುದಿಲ್ಲ ಎಂದು ಮಾತು ಕೊಡುತ್ತದೆ, ಅದನ್ನು ಕಿತ್ತರೆ ಅಶಾಂತಿಗೆ ಬಾಗಿಲು ತೆರೆದಂತೆ ಎಂದು ಅವರು ಎಚ್ಚರಿಸುತ್ತಿದ್ದ ಹೊತ್ತಿಗೆ ವೆಸ್ಟ್ ವರ್ಜೀನಿಯಾ ರಾಜ್ಯದ 55 ಕೌಂಟಿಗಳಲ್ಲೂ ಶಾಲೆಗಳಿಗೆ ಬೀಗ ಬಿದ್ದಿತ್ತು. ಅದು 2016ರಲ್ಲೇ ‘ಕೆಲಸದ ಹಕ್ಕು’ ಕಾಯಿದೆ ಮಾಡಿದ್ದ ರಾಜ್ಯ. ಸರ್ಕಾರಿ ನೌಕರರಿಗೆ ಅಲ್ಲಿ ಸಾಮೂಹಿಕ ಚೌಕಾಸಿಯ ಹಕ್ಕಿಲ್ಲ, ಮುಷ್ಕರವೂ ಕಾನೂನುಬಾಹಿರ. ಆದರೂ ಸುಮಾರು 20,000 ಶಿಕ್ಷಕರು ಬೀದಿಗಿಳಿದರು. ಯೂನಿಯನ್ ನಾಯಕರು ಗವರ್ನರ್ ಜೊತೆ ರಾಜಿಯಾಗಿ ಮುಷ್ಕರ ಮುಗಿಯಿತೆಂದು ಸಾರಿದರೂ ಶಿಕ್ಷಕರು ಕೇಳಲಿಲ್ಲ. ಮಾರ್ಚ್ ಮೊದಲ ವಾರದಲ್ಲಿ ಶೇ 5ರ ಸಂಬಳ ಏರಿಕೆ ಕಾನೂನಾದ ಮೇಲೆಯೇ ಅವರು ಶಾಲೆಗೆ ಮರಳಿದ್ದು. ಕಡ್ಡಾಯ ಶುಲ್ಕವಿಲ್ಲದ ಕಡೆ ಯೂನಿಯನ್ ಕೈಗೆ ಸಿಗದೆ ಕಾರ್ಮಿಕರೇ ಮುಂದೆ ಓಡುತ್ತಾರೆ ಎಂಬುದನ್ನು ಆಳುವವರೂ ಗಮನಿಸಿರಬೇಕು.

ಲಾಸ್ ವೇಗಸ್‌ನ ಕಥೆ ಬೇರೆಯೇ. ಆ ಜೂಜುನಗರಿ ಇರುವ ನೆವಾಡಾದಲ್ಲಿ 1950ರ ದಶಕದ ಆರಂಭದಿಂದಲೂ ಕಡ್ಡಾಯ ಶುಲ್ಕ ನಿಷಿದ್ಧ. ಆದರೆ ಅಲ್ಲಿನ ಹೋಟೆಲುಗಳ ಕೋಣೆ ಗುಡಿಸುವವರು, ಅಡುಗೆಯವರು, ಬಡಿಸುವವರ ಯೂನಿಯನ್ ಆದ ಕಲಿನರಿ ಲೋಕಲ್ 226ಕ್ಕೆ ಸುಮಾರು 60,000 ಸದಸ್ಯರಿದ್ದಾರೆ. ಒಬ್ಬೊಬ್ಬರನ್ನೂ ಕಂಡು ಒಪ್ಪಿಸಿಯೇ ಸೇರಿಸಿಕೊಳ್ಳಬೇಕು. ವಿಮೆ, ತರಬೇತಿ ಶಾಲೆ, ಪಿಂಚಣಿ, ಇಷ್ಟೆಲ್ಲ ಕೈಗೆ ಸಿಗುವಾಗ ವಂತಿಗೆ ಕೊಡಲು ಜನ ಹಿಂದೆಗೆಯುವುದಿಲ್ಲ. ಕಡ್ಡಾಯ ಬೇಕೇಬೇಕು ಎನ್ನುವವರು ಈ ಊರನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ. ಇಂಥ ಯೂನಿಯನ್ ಅಮೆರಿಕದಲ್ಲಿ ಎಷ್ಟಿವೆ ಎಂದು ಕೇಳಿದರೆ ಕಡ್ಡಾಯ ಬೇಡವೆನ್ನುವವರೂ ಮಾತು ಮರೆಸುತ್ತಾರೆ.

ತೀರ್ಪಿನಿಂದ ಯೂನಿಯನ್‌ಗಳು ಮುಳುಗಿದವೇ? ಸದಸ್ಯರಲ್ಲದವರಿಂದ ಬರುತ್ತಿದ್ದ ದುಡ್ಡು ರಾತ್ರೋರಾತ್ರಿ ನಿಂತದ್ದು ನಿಜ. ಆದರೆ ಅಫ್‌ಸ್ಮೀಯಂಥ ಯೂನಿಯನ್‌ಗಳು ಮೊದಲೇ ವಾಸನೆ ಹಿಡಿದು ನೌಕರರನ್ನು ಒಬ್ಬೊಬ್ಬರಾಗಿ ಕಂಡು ಮಾತಾಡಿಸಿದ್ದವು. ಸರ್ಕಾರಿ ನೌಕರರಲ್ಲಿ ಯೂನಿಯನ್ ಸದಸ್ಯರ ಪ್ರಮಾಣ 2018ರಲ್ಲಿ ಶೇ 33.9 ಇದ್ದದ್ದು 2024ರಲ್ಲಿ ಶೇ 32.2ಕ್ಕೆ ಇಳಿಯಿತು. ಇಳಿಕೆ ಹೌದು, ಕುಸಿತವಲ್ಲ. ಖಾಸಗಿ ಕಂಪನಿಗಳಲ್ಲಿ ಆ ಪ್ರಮಾಣ ಶೇ 5.9. ಅಲ್ಲಿ ಈ ತೀರ್ಪು ಅನ್ವಯಿಸುವುದೇ ಇಲ್ಲ. ರಾಜ್ಯದ ಕಾನೂನೇ ಕೊನೆಯ ಮಾತು. ಮೋಟಾರು ಕಾರ್ಮಿಕರ ತವರಾದ ಮಿಶಿಗನ್ 2012ರಲ್ಲಿ ‘ಕೆಲಸದ ಹಕ್ಕು’ ಕಾಯಿದೆ ತಂದು 2023ರಲ್ಲಿ ರದ್ದು ಮಾಡಿತು. ಇನ್ನೂ 26 ರಾಜ್ಯಗಳಲ್ಲಿ ಅದು ಜಾರಿಯಲ್ಲಿದೆ. ಜಾನಸ್ ತಾನು ಹಿಂದೆ ಕೊಟ್ಟ ಶುಲ್ಕವನ್ನು ವಾಪಸು ಕೇಳಿ ಮತ್ತೆ ಕೋರ್ಟಿಗೆ ಹೋದ. ಅಂದಿನ ಕಾನೂನನ್ನು ನಂಬಿ ಯೂನಿಯನ್ ಪಡೆದ ದುಡ್ಡು ಅದು ಎಂದು ಕೋರ್ಟು ತಳ್ಳಿಹಾಕಿತು. ದೇಶದ ಕಾನೂನನ್ನೇ ಬದಲಿಸಿದವನಿಗೆ ತನ್ನ ಡಾಲರ್ ಮಾತ್ರ ವಾಪಸಾಗಲಿಲ್ಲ.

ಬೇರೆ ದೇಶಗಳು ಈ ಗಂಟನ್ನು ಬೇರೆ ಬೇರೆ ಕಡೆಯಿಂದ ಬಿಚ್ಚಿವೆ. ಕೆನಡಾದ ವಿಂಡ್ಸರ್‌ನಲ್ಲಿ 1945ರಲ್ಲಿ ಫೋರ್ಡ್ ಕಾರ್ಮಿಕರು 99 ದಿನ ಮುಷ್ಕರ ಹೂಡಿದರು. ಕಾರು, ಬಸ್ಸುಗಳನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಕಾರ್ಖಾನೆಗೆ ದಿಗ್ಬಂಧನ ಹಾಕಿದರು. ಪಂಚಾಯಿತಿಗೆ ಬಂದ ನ್ಯಾಯಮೂರ್ತಿ ಐವನ್ ರ‍್ಯಾಂಡ್ ಮರುವರ್ಷ ಕೊಟ್ಟ ತೀರ್ಮಾನ ಇಂದಿಗೂ ಅವರ ಹೆಸರಿನಲ್ಲೇ ಇದೆ: ಯಾರೂ ಸದಸ್ಯರಾಗಬೇಕಿಲ್ಲ, ಆದರೆ ಎಲ್ಲರೂ ವಂತಿಗೆ ಕೊಡಬೇಕು. ಮರ್ವ್ ಲವೀನ್ ಎಂಬ ಕಾಲೇಜು ಶಿಕ್ಷಕ ಇದನ್ನು ಪ್ರಶ್ನಿಸಿದಾಗ 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆತನ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ಬ್ರಿಟನ್ನಿನಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. 1975ರಲ್ಲಿ ಬ್ರಿಟಿಷ್ ರೈಲ್ ಮೂರು ಯೂನಿಯನ್‌ಗಳೊಡನೆ ಒಪ್ಪಂದ ಮಾಡಿಕೊಂಡು, ಸದಸ್ಯರಾಗದವರಿಗೆ ಕೆಲಸವಿಲ್ಲ ಎಂದಿತು. ಯಂಗ್, ಜೇಮ್ಸ್, ವೆಬ್‌ಸ್ಟರ್ ಎಂಬ ಮೂವರು ಸೇರಲೊಪ್ಪದೆ ಕೆಲಸ ಕಳೆದುಕೊಂಡರು. ಕೆಲಸಕ್ಕೆ ಸೇರುವಾಗ ಇಲ್ಲದ ಷರತ್ತನ್ನು ಆಮೇಲೆ ಹೇರಿ ಅನ್ನ ಕಿತ್ತುಕೊಂಡದ್ದು ಸಂಘ ಕಟ್ಟುವ ಸ್ವಾತಂತ್ರ್ಯಕ್ಕೇ ವಿರುದ್ಧ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1981ರಲ್ಲಿ ತೀರ್ಪು ಕೊಟ್ಟಿತು. ಸೇರುವ ಸ್ವಾತಂತ್ರ್ಯದಲ್ಲಿ ಸೇರದಿರುವ ಸ್ವಾತಂತ್ರ್ಯವೂ ಅಡಗಿದೆಯೇ ಎಂಬ ಪ್ರಶ್ನೆಗೆ ಅಲ್ಲಿಂದ ಮುಂದೆ ಯುರೋಪು ಹೆಚ್ಚುಮಟ್ಟಿಗೆ ಹೌದು ಎಂದೇ ತಲೆಯಾಡಿಸಿದೆ.

ನಮ್ಮ ದೇಶದಲ್ಲಿ ಜಗಳ ಶುರುವಾದದ್ದು ಅದಕ್ಕೂ ಹಿಂದಿನ ಮೆಟ್ಟಿಲಲ್ಲಿ, ಯೂನಿಯನ್ ಕಟ್ಟಬಹುದೇ ಎಂಬಲ್ಲಿ. ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರನ್ನು ಸಂಘಟಿಸಿದ್ದ ಬಿ.ಪಿ. ವಾಡಿಯಾ ಮತ್ತಿತರರ ಮೇಲೆ ಬಿನ್ನಿ ಕಂಪನಿ ದಾವೆ ಹೂಡಿ 1920ರಲ್ಲಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಆ ಪೆಟ್ಟಿನ ಫಲವಾಗಿ ಎನ್.ಎಂ. ಜೋಶಿಯವರಂಥವರು ಶಾಸನಸಭೆಯಲ್ಲಿ ಒತ್ತಾಯ ಹಾಕಿ, 1926ರ ಟ್ರೇಡ್ ಯೂನಿಯನ್ ಕಾಯಿದೆ ಬಂತು. ಅದರ ಹದಿನಾರನೇ ಸೆಕ್ಷನ್ ಓದಿದರೆ ಜಾನಸ್ ಬೆರಗಾಗುತ್ತಿದ್ದನೇನೋ. ಯೂನಿಯನ್ ರಾಜಕೀಯಕ್ಕೆ ಖರ್ಚು ಮಾಡಬೇಕೆಂದರೆ ಬೇರೆಯೇ ನಿಧಿ ಇಡಬೇಕು, ಅದಕ್ಕೆ ಕೊಡು ಎಂದು ಯಾವ ಸದಸ್ಯನನ್ನೂ ಬಲವಂತಪಡಿಸುವಂತಿಲ್ಲ, ಕೊಡದವನಿಗೆ ಯಾವ ಸವಲತ್ತನ್ನೂ ತಪ್ಪಿಸುವಂತಿಲ್ಲ. ಅಮೆರಿಕದ ಕೋರ್ಟು ಡೆಟ್ರಾಯಿಟ್ ಶಿಕ್ಷಕರಿಗಾಗಿ ಗೆರೆ ಎಳೆಯುವ ಅರ್ಧ ಶತಮಾನದ ಮುಂಚೆಯೇ ಅಂಥದೊಂದು ಗೆರೆ ಇಲ್ಲಿನ ಕಾಯಿದೆ ಪುಸ್ತಕದಲ್ಲಿತ್ತು. ಇದಕ್ಕೆ ಮಾದರಿ ಬ್ರಿಟನ್ನಿನ 1913ರ ಕಾಯಿದೆ. ಲೇಬರ್ ಪಕ್ಷಕ್ಕೆ ತನ್ನ ವಂತಿಗೆ ಹೋಗಬಾರದೆಂದು ಹಟ ಹಿಡಿದ ಆಸ್‌ಬೋರ್ನ್ ಎಂಬ ರೈಲ್ವೆ ನೌಕರನ ಮೊಕದ್ದಮೆಯ ಮರಿ ಅದು.

ವಂತಿಗೆಯ ಮೊತ್ತದಲ್ಲಂತೂ ಅಮೆರಿಕಕ್ಕೂ ನಮಗೂ ಅಜಗಜಾಂತರ. ನಮ್ಮ ಟ್ರೇಡ್ ಯೂನಿಯನ್ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿ ನಿಗದಿ ಮಾಡಿದ್ದ ಕನಿಷ್ಠ ಚಂದಾ ಸಾಮಾನ್ಯ ಕಾರ್ಮಿಕನಿಗೆ ವರ್ಷಕ್ಕೆ 12 ರೂಪಾಯಿ ಇತ್ತು. ಅಸಂಘಟಿತ ವಲಯದವರಿಗೆ 3 ರೂಪಾಯಿ, ಗ್ರಾಮೀಣ ಕಾರ್ಮಿಕರಿಗೆ 1 ರೂಪಾಯಿ. ಬೈಟೂ ಕಾಫಿಗೂ ಸಾಲದು. ಅದನ್ನೂ ಸಂಬಳದಲ್ಲಿ ಮುರಿಯಬೇಕಾದರೆ ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು. ಯೂನಿಯನ್ ಸೇರು ಎಂದಾಗಲಿ ಸೇರಬೇಡ ಎಂದಾಗಲಿ ಯೂನಿಯನ್ನೇ ದಬಾಯಿಸಿದರೆ ಅದು ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ಅನುಚಿತ ಕ್ರಮವಾಗಿತ್ತು.

ಹಾಗಾದರೆ ಇಲ್ಲಿ ಬಿಟ್ಟಿ ಸವಾರಿಯ ಪ್ರಶ್ನೆ ಏಳಲೇ ಇಲ್ಲವೇ? ಎದ್ದಿತ್ತು. ಸಂಧಾನಾಧಿಕಾರಿಯ ಎದುರು ಆದ ಒಪ್ಪಂದ ಸದಸ್ಯರಲ್ಲದವರನ್ನೂ, ನಾಳೆ ಕೆಲಸಕ್ಕೆ ಸೇರುವವರನ್ನೂ ಕಟ್ಟಿಹಾಕುತ್ತದೆ ಎಂಬ ನಿಯಮ ನಮ್ಮಲ್ಲೂ ಹಳೆಯದು. ಮಹಾರಾಷ್ಟ್ರದಲ್ಲಿ 1971ರ ಕಾಯಿದೆಯಡಿ ಒಂದೇ ಯೂನಿಯನ್ನಿಗೆ ಮಾನ್ಯತೆ. ಮುಂಬೈಯ ಬಾಮರ್ ಲಾರಿ ಕಂಪನಿಯಲ್ಲಿ ಮಾನ್ಯತೆ ಪಡೆದ ಯೂನಿಯನ್ ಮಾಡಿಕೊಂಡ ವೇತನ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಪ್ರತಿಯೊಬ್ಬ ಕಾರ್ಮಿಕನಿಗೆ ಬರುವ ಬಾಕಿ ಮೊತ್ತದಲ್ಲಿ ಶೇ 15ನ್ನು ಕಂಪನಿ ಮುರಿದುಕೊಂಡು, ಮೂರು ದಿನದೊಳಗೆ ಯೂನಿಯನ್ ನಿಧಿಗೆ ಚೆಕ್ಕಿನಲ್ಲಿ ಕೊಡಬೇಕು. ಎದುರಾಳಿ ಯೂನಿಯನ್ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಸದಸ್ಯರ ದುಡ್ಡು ಅವರ ನಿಧಿಗೇಕೆ, ಸಂಘ ಕಟ್ಟುವ ಹಕ್ಕು ಎಲ್ಲಿ ಹೋಯಿತು ಎಂದು ಕೇಳಿತು. 1984ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿಯವರ ಪೀಠ ಆ ಕಡಿತವನ್ನು ಎತ್ತಿಹಿಡಿಯಿತು. ಒಪ್ಪಂದದ ಫಲ ಉಂಡವರು ಅದಕ್ಕೆ ತಗಲಿದ ಹೊರೆಯಲ್ಲೂ ಪಾಲು ಹೊರುವುದು ತಪ್ಪಲ್ಲ ಎಂಬ ಧಾಟಿ ಅದರದು. ಜಾನಸ್ ತೀರ್ಪು ಓದಿ ಬಂದವರಿಗೆ ಇದು ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ ಎಡಬಲ ತಿರುವುಮುರುವು.

ಈ ಹಳೆಯ ತೀರ್ಪಿನ ಧೂಳು ಕೊಡವುವ ಕಾಲ ಹತ್ತಿರ ಬಂದಂತಿದೆ. 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಮಸ್ಟರ್ ರೋಲಿನಲ್ಲಿರುವ ಕಾರ್ಮಿಕರಲ್ಲಿ ಶೇ 51 ಮಂದಿಯ ಬೆಂಬಲವಿರುವ ಯೂನಿಯನ್ನೊಂದೇ ಮಾಲೀಕರೊಡನೆ ಮಾತಾಡತಕ್ಕದ್ದು ಎನ್ನುತ್ತದೆ. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ ಶೇ 20 ಬೆಂಬಲವಿರುವ ಯೂನಿಯನ್‌ಗಳ ಮಂಡಳಿ. ಮೂರು ಬಾವುಟಗಳ ನಮ್ಮ ಕಾರ್ಖಾನೆ ಹೀಗೆ ಅಮೆರಿಕದ ಒಂದೇ ಬಾಯಿಯ ಕಡೆಗೆ ಅರ್ಧ ದಾರಿ ನಡೆದಂತಾಯಿತು. ಆದರೆ ಆ ದಾರಿಯ ಮುಂದಿನ ಮೈಲಿಗಲ್ಲಿನ ಬಗ್ಗೆ ಸಂಹಿತೆ ತುಟಿ ಬಿಚ್ಚುವುದಿಲ್ಲ. ಉಳಿದ ಶೇ 49 ಮಂದಿಯ ದೂರುಗಳನ್ನು ಯೂನಿಯನ್ ಎಷ್ಟರಮಟ್ಟಿಗೆ ನೋಡಿಕೊಳ್ಳಬೇಕು, ಅದರ ಖರ್ಚಿಗೆ ಅವರಿಂದ ಏನಾದರೂ ಕೇಳಬಹುದೇ ಎಂಬುದನ್ನು ಅದು ಹೇಳಿಲ್ಲ.

ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಸಂಬಳದ ದಿನ ಶಿಫ್ಟು ಬಿಡುವ ಹೊತ್ತಿಗೆ ಗಾರ್ಮೆಂಟ್ಸ್ ಗೇಟುಗಳ ಆಚೆ, ಸೆಕ್ಯುರಿಟಿಯ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ರಸೀದಿ ಪುಸ್ತಕ ಹಿಡಿದು ನಿಂತ ಹೆಣ್ಣುಮಕ್ಕಳಿಗೆ ಈ ಸಂಹಿತೆ ಇನ್ನೂ ದೂರದ ಮಾತು. ವ್ಯಾನು ಹೊರಡುವ ಅವಸರದಲ್ಲಿ ಒಬ್ಬಳು ನೋಟು ಮಡಿಸಿ ಕೈಗಿಟ್ಟು ಹೋಗುತ್ತಾಳೆ, ಇನ್ನೊಬ್ಬಳು ‘ಮುಂದಿನ ತಿಂಗಳು ನೋಡೋಣ ಅಕ್ಕ’ ಎನ್ನುತ್ತಾಳೆ. ರಸೀದಿ ಹರಿದವಳು ಇಬ್ಬರ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ನಾಳೆ ಸೂಪರ್‌ವೈಸರ್ ಮೇಲಿನ ದೂರು ಹಿಡಿದು ಅವರಲ್ಲಿ ಯಾರು ಬಂದರೂ ಅವಳು ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಬೇಕು.